ಮೂಲೆ ತಿಂದವನ ಲೆಕ್ಕ

ರಾಗ್ನಿ: ಬರೀ ಒಂದು ಮೂಲೇನಾ? ಹಾಲ್ವಾರ್, ನೀನು ತಿಂದಿದ್ದು ಮೂಲೆ ಅಲ್ಲ, ನನ್ನ ಪಾಠ ಕಣೋ!

ಹಾಲ್ವಾರ್: ಪಾಠ ಅಂತ ಅದರ ಮೇಲೆ ಬರ್ದಿತ್ತಾ? ಅದರ ಮೇಲೆ ಸಿಗಡಿ ಇತ್ತು. ಐದೂವರೆಗೆ ಎದ್ದಿದೀನಿ ನಾನು. ಟೇಬಲ್ ಮೇಲೆ ನೋಡಿದ್ರೆ ನಿನ್ನ ಕೇಕು. ಫ್ರಿಜ್ ತೆಗೆದ್ರೆ ನಿನ್ನ ಕೇಕಿನ ಸಾಮಾನು. ಮನುಷ್ಯ ಏನು ತಿನ್ಬೇಕು, ಕಿಟಕಿ ಪರದೆನಾ?

ರಾಗ್ನಿ: ಓಟ್ಸ್ ಗಂಜಿ ಕಾಯಿಸ್ಕೊಬಹುದಿತ್ತಲ್ಲ!

ಹಾಲ್ವಾರ್: ಎದುರಿಗೆ ಸಿಗಡಿ ಇಟ್ಕೊಂಡು ಗಂಜಿ ಕುಡಿಯೋಕೆ ನಾನೇನು ಆಸ್ಪತ್ರೇಲಿದೀನಾ?

ನಾನು ಈ ಗಂಡ ಹೆಂಡತಿಯ ಕೆಳಮನೆಯ ಮಾರಿತ್. ಥರ್ಮಾಸ್ ವಾಪಸ್ ಕೊಡುವ ನೆವ ಮಾಡಿಕೊಂಡು ಮೇಲೆ ಬಂದಿದ್ದೆ. ನಿಜ ಹೇಳಬೇಕೆಂದರೆ ಜಗಳ ನನ್ನ ಅಡುಗೆಮನೆಗೇ ಕೇಳಿಸುತ್ತಿತ್ತು. ಮಾತು ಕೇಳಿಸಿಕೊಂಡು ಮುಖ ನೋಡದೇ ಇರುವುದು ನನ್ನಿಂದಾಗದ ಕೆಲಸ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು, ಕಾಫಿ ಬಗ್ಗಿಸಿಕೊಂಡು, ಇಬ್ಬರಿಗೂ ನಡುವಿನ ಕುರ್ಚಿಯಲ್ಲಿ ಕೂತೆ.

ಟೇಬಲ್ಲಿನ ಮೇಲೆ ಆ ಬ್ರೆಡ್ಡಿನ ಕೇಕು. ನಮ್ಮ ಹೆರ್ನೋಸಾಂಡ್ ಊರಿನಲ್ಲಿ ಇದಿಲ್ಲದೆ ಐವತ್ತನೇ ಹುಟ್ಟುಹಬ್ಬವೂ ಆಗದು, ಉತ್ತರಕ್ರಿಯೆಯೂ ಆಗದು. ಒಂದರ ಮೇಲೊಂದು ಬ್ರೆಡ್ಡು, ನಡುನಡುವೆ ಮೊಟ್ಟೆ, ಮೀನು, ಮಯನೇಸು. ರಾಗ್ನಿ ಅದನ್ನು ಪಟ್ಟಿ ಇಟ್ಟು ಕೊಯ್ದಂತೆ ಆಯತಾಕಾರ ಮಾಡಿ, ಉದ್ದಕ್ಕೆ ಎಂಟು, ಅಗಲಕ್ಕೆ ಆರು ಚೌಕ ಬರುವ ಹಾಗೆ ಗೆರೆ ಎಳೆದಿದ್ದಳು. ಚೌಕಕ್ಕೊಂದು ಸಿಗಡಿ. ಸುತ್ತಲೂ ಬದಿಗೆ, ಚೌಕದ ಒಂದೊಂದು ಹೊರಮೈಗೆ ಒಂದೊಂದು ಸೌತೆಕಾಯಿ ಹೋಳು. ಈಗ ಅದರ ಒಂದು ಮೂಲೆಯ ಚೌಕ ಮಾಯವಾಗಿತ್ತು.

ರಾಗ್ನಿ: ಮಾರಿತ್, ನೀನೇ ಹೇಳು. ನಲವತ್ತೆಂಟು ಚೌಕ ಇತ್ತು. ಕ್ಲಾಸಲ್ಲಿ ಇಪ್ಪತ್ನಾಲ್ಕು ಮಕ್ಕಳು, ತಲೆಗೆ ಎರಡೆರಡು. ಈಗ ನಲವತ್ತೇಳು! ಯಾರಿಗೆ ಕೈ ಕೊಡ್ಲಿ?

ಹಾಲ್ವಾರ್: ಒಂದು ಮಗೂಗಾದ್ರೂ ಜ್ವರ ಬಂದಿರತ್ತೆ ಬಿಡು.

ರಾಗ್ನಿ: ನಾಳೆಯಿಂದ ಬೇಸಿಗೆ ರಜ. ಇವತ್ತು ಯಾರಿಗೂ ಜ್ವರ ಬರಲ್ಲ. ಕಾಲು ಮುರಿದಿದ್ರೂ ಕುಂಟ್ಕೊಂಡು ಬರ್ತಾರೆ!

ಹಾಲ್ವಾರ್: ಹಾಗಾದ್ರೆ ನೀನು ತಿನ್ಬೇಡ.

ರಾಗ್ನಿ: ನಾನು ತಿನ್ನೋ ಲೆಕ್ಕದಲ್ಲಿ ಇರಲೇ ಇಲ್ಲ! ವಿಸ್ತೀರ್ಣ, ಸುತ್ತಳತೆ ಅಂತ ಮೂರು ವಾರದಿಂದ ಬಡ್ಕೋತಿದೀನಿ. ಮೈದಾನಕ್ಕೆ ಬೇಲಿ ಎಷ್ಟು ಬೇಕು ಅಂದ್ರೆ ಗುಣಿಸ್ತಾರೆ. ಹುಲ್ಲು ಎಷ್ಟು ಬೇಕು ಅಂದ್ರೆ ಕೂಡ್ತಾರೆ. ಆ ಲೋವಾ ಇದಾಳಲ್ಲ, ಎರಡು ಪ್ರಶ್ನೆಗೂ ಎರಡೆರಡು ಉತ್ತರ ಬರ್ದಿದಾಳೆ. ಯಾಕಮ್ಮ ಅಂದ್ರೆ, ಒಂದಾದ್ರೂ ಸರಿ ಇರ್ಲಿ ಅಂತ ಅಂದ್ಲು.

ಹಾಲ್ವಾರ್: ಜಾಣೆ!

ರಾಗ್ನಿ: ಜಾಣೆ ಅಂತ ಅವಳಿಗೆ ಗೊತ್ತಿಲ್ವಲ್ಲ! ಆಮೇಲೆ ಡೆಸ್ಕ್ ಕೆಳಗೆ ತಲೆ ಹಾಕ್ಕೊಂಡು ಅತ್ಲು. "ನಾನು ದಡ್ಡಿ, ರಾಗ್ನಿ, ನಂಗೆ ಬರಲ್ಲ" ಅಂತ. ಒಂಬತ್ತು ವರ್ಷದ ಮಗು ಹಾಲ್ವಾರ್. ಎರಡೂವರೆ ತಿಂಗಳು ರಜ. ಅಷ್ಟು ದಿನವೂ ತಾನು ದಡ್ಡಿ ಅಂದ್ಕೊಂಡೇ ಇರ್ತಾಳೆ. ಇವತ್ತೇ ಕೊನೇ ಪಾಠ. ಅದಕ್ಕೆ ನಾನು ಸಿಗಡಿ ಎಣಿಸಿ ಎಣಿಸಿ ಇಟ್ಟಿದ್ದು.

ಹಾಲ್ವಾರನ ಮುಖ ಸಪ್ಪಗಾಯಿತು. ಕೇಕಿನ ಕಡೆ ನೋಡಿದ, ನನ್ನ ಕಡೆ ನೋಡಿದ. ನಾನು ಕಾಫಿಯ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಯಾರ ಪಕ್ಷವನ್ನೂ ಹಿಡಿಯಬಾರದು, ಕಪ್ಪು ಹಿಡಿಯಬೇಕು.

ಹಾಲ್ವಾರ್: ನಂಗೆ ಇದೆಲ್ಲ ಗೊತ್ತಿರ್ಲಿಲ್ಲ ಕಣೇ. ಆದ್ರೆ ನಿನ್ನ ಪಾಠ ಅರ್ಧಾನೇ ಕೆಟ್ಟಿರೋದು.

ರಾಗ್ನಿ: ಅರ್ಧ ಹೇಗೋ? ಪೂರ್ತಿ! ವಿಸ್ತೀರ್ಣನೂ ಹೋಯ್ತು, ಸುತ್ತಳತೆನೂ ಹೋಯ್ತು!

ಹಾಲ್ವಾರ್: ಸುತ್ತಳತೆ ಅಂದ್ರೆ ಸುತ್ತ ಇರೋ ಸೌತೆಕಾಯಿ ತಾನೆ? ಅದು ಎಲ್ಲಿಗೂ ಹೋಗಿಲ್ಲ.

ರಾಗ್ನಿ: ಎಂಟು, ಆರು, ಎಂಟು, ಆರು. ಇಪ್ಪತ್ತೆಂಟು ಹೋಳು ಇಟ್ಟಿದ್ದೆ. ಮೂಲೆ ಚೌಕಕ್ಕೆ ಎರಡು ಹೊರಮೈ. ಎರಡೂ ನಿನ್ನ ಹೊಟ್ಟೆಗೆ ಹೋಯ್ತು. ಈಗ ಇಪ್ಪತ್ತಾರು.

ಹಾಲ್ವಾರ್: ಇಪ್ಪತ್ತೆಂಟು.

ರಾಗ್ನಿ: ಇಪ್ಪತ್ತಾರು! ವಿಸ್ತೀರ್ಣ ಕಡಿಮೆ ಆದ್ರೆ ಸುತ್ತಳತೆನೂ ಕಡಿಮೆ ಆಗ್ಲೇಬೇಕು. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದೀನಿ, ನಂಗೆ ಹೇಳ್ಕೊಡ್ತೀಯಾ?

ಹಾಲ್ವಾರ್: ನಾನು ಏನೂ ಹೇಳ್ಕೊಡಲ್ಲ ಮಾರಾಯ್ತಿ. ಎಣಿಸು ಅಂತಿದೀನಿ ಅಷ್ಟೇ.

ರಾಗ್ನಿ ಬೆರಳು ಚಾಚಿ ಎಣಿಸಿದಳು. ಇಪ್ಪತ್ತೆಂಟು. ಕನ್ನಡಕ ಒರೆಸಿಕೊಂಡು ಎಡದಿಂದ ಬಲಕ್ಕೆ ಎಣಿಸಿದಳು. ಇಪ್ಪತ್ತೆಂಟು. ಬಲದಿಂದ ಎಡಕ್ಕೂ ಅಷ್ಟೇ. ನನ್ನನ್ನು ಕರೆದು ಎಣಿಸಲು ಹೇಳಿದಳು. ನಾನು ಬೇಕೆಂದೇ ನಿಧಾನವಾಗಿ, ಮೂಗಿಗೆ ವಾಸನೆ ಹೀರಿಕೊಳ್ಳುತ್ತಾ ಎಣಿಸಿದೆ.

ನಾನು: ಇಪ್ಪತ್ತೆಂಟೇ ಕಣೇ.

ರಾಗ್ನಿ: ಕಳ್ಳ! ಫ್ರಿಜ್ಜಿಂದ ಎರಡು ಹೋಳು ತಂದು ಸೇರ್ಸಿದೀಯ!

ಹಾಲ್ವಾರ್: ಫ್ರಿಜ್ಜಲ್ಲಿ ಸೌತೆಕಾಯಿ ಎಲ್ಲಿದೆ? ಎಲ್ಲಾ ನೀನೇ ಹೆಚ್ಚಿ ಮುಗ್ಸಿದೀಯ. ಮೂಲೆ ತೆಗೆದ ಮೇಲೆ ಒಳಗಿನ ಮೊಟ್ಟೆ ಎಲ್ಲಾ ಕಾಣಿಸ್ತಿತ್ತು. ನಿಂಗೆ ಗೊತ್ತಾಗ್ಬಾರ್ದು ಅಂತ, ಅದೇ ಚೌಕದ ಎರಡು ಹೋಳು ತೆಗೆದು, ಹೊಸದಾಗಿ ತೆರೆದ ಎರಡು ಮೈಗೆ ಅಂಟಿಸ್ದೆ. ಸರಿಹೋಯ್ತು. ಒಂದೂ ಉಳೀಲಿಲ್ಲ, ಒಂದೂ ಸಾಲ್ದೆ ಬರ್ಲಿಲ್ಲ.

ರಾಗ್ನಿ: ಆದ್ರೆ ಅದು ಹೇಗಾಗತ್ತೆ?

ಹಾಲ್ವಾರ್: ಹೇಗಾಗತ್ತೆ ಅಂದ್ರೆ? ಮೂವತ್ತೈದು ವರ್ಷ ಜನರ ಮನೆಗೆ ಮರದ ನೆಲ ಹಾಕಿದೀನಿ. ಹಳೇ ಮನೆಗಳಲ್ಲಿ ಕೋಣೆ ಮೂಲೇಲಿ, ಚಳಿ ಕಾಯ್ಸೋಕೆ ಹೆಂಚಿನ ಒಲೆ ಇರತ್ತಲ್ಲ, ಚೌಕದ್ದು? ಒಲೆ ಇದ್ರೆ ನೆಲದ ಹಲಗೆ ಕಡಿಮೆ ಸಾಕು. ಗೋಡೆ ಬುಡಕ್ಕೆ ಹೊಡೆಯೋ ಪಟ್ಟಿ ಮಾತ್ರ ಅಷ್ಟೇ ಬೇಕು. ಒಲೆನ ಸುತ್ಕೊಂಡು ಹೋಗ್ಬೇಕಲ್ಲ! ನೆಲ ಕಡಿಮೆ ಅಂತ ಪಟ್ಟೀನೂ ಕಡಿಮೆ ತಂದೋನು ಮತ್ತೆ ಅಂಗಡಿಗೆ ಓಡ್ತಾನೆ. ನಾನು ಮೊದಲ ವರ್ಷ ಒಂದೇ ಸಲ ಓಡಿದ್ದು. ಆಮೇಲೆ ಬುದ್ಧಿ ಬಂತು.

ರಾಗ್ನಿ ಕುರ್ಚಿಗೆ ಕುಸಿದಳು. ಅಳುತ್ತಾಳೇನೋ ಎಂದು ನಾನು ಕರವಸ್ತ್ರ ತೆಗೆದರೆ, ಅವಳ ಭುಜ ಕುಣಿಯುತ್ತಿದ್ದದ್ದು ನಗುವಿಗೆ. ಅವಳು ನಕ್ಕದ್ದು ನೋಡಿ ಹಾಲ್ವಾರ್ ನಕ್ಕ. ನನಗೆ ಕಾಫಿ ನೆತ್ತಿಗೇರಿತು.

ರಾಗ್ನಿ: ಮೂರು ವಾರ ಆ ಮಕ್ಕಳಿಗೆ ಬೈದಿದೀನಿ ಕಣ್ರೋ, ಎರಡನ್ನೂ ಕಲಸಬೇಡಿ, ಎರಡನ್ನೂ ಕಲಸಬೇಡಿ ಅಂತ! ಈಗ ನಾನೇ ಕಲಸಿದೆ! ಏಳು, ಬೂಟು ಹಾಕ್ಕೋ.

ಹಾಲ್ವಾರ್: ನಾನ್ಯಾಕೆ?

ರಾಗ್ನಿ: ತಿಂದೋನು ನೀನು. ಬಂದು ಒಪ್ಕೋಬೇಕು.

ಹಾಲ್ವಾರ್: ಇಪ್ಪತ್ನಾಲ್ಕು ಮಕ್ಕಳೆದುರಿಗೆ? ಪೊಲೀಸ್ ಸ್ಟೇಷನ್ನಿಗೇ ಕರ್ಕೊಂಡು ಹೋಗೇ, ಪುಣ್ಯ ಬರತ್ತೆ!

ಶಾಲೆ ಎರಡು ಬೀದಿ ಆಚೆ. ಅವರಿಬ್ಬರೂ ಕೇಕಿನ ತಟ್ಟೆಯ ಎರಡು ತುದಿ ಹಿಡಿದರು. ಬಾಗಿಲು ತೆಗೆಯಲು ಒಬ್ಬರು ಬೇಕಲ್ಲ ಎಂದು ನಾನೂ ಹೊರಟೆ. ಯಾರೂ ಕರೆದಿರಲಿಲ್ಲ, ಬಿಡಿ. ಕ್ಲಾಸಿನ ಹೊರಗೆ ಮೂವರೂ ಬೂಟು ಬಿಟ್ಟೆವು. ಹಾಲ್ವಾರನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಮಕ್ಕಳು ಮೊದಲು ನಕ್ಕದ್ದು ಅದಕ್ಕೆ.

ರಾಗ್ನಿ: ಎಲ್ಲರೂ ಟೇಬಲ್ ಸುತ್ತ ನಿಲ್ಲಿ. ಈ ಕೇಕು ಪೂರ್ತಿ ಇದ್ದಾಗ ಎಂಟಕ್ಕೆ ಆರು. ಮೇಲೆ ಎಷ್ಟು ಸಿಗಡಿ?

ಮಕ್ಕಳು: ಎಂಟು ಆರ್ಲಿ ನಲವತ್ತೆಂಟು!

ರಾಗ್ನಿ: ಸುತ್ತ ಎಷ್ಟು ಸೌತೆ?

ಮಕ್ಕಳು: ಎಂಟು, ಆರು, ಎಂಟು, ಆರು... ಇಪ್ಪತ್ತೆಂಟು!

ರಾಗ್ನಿ: ಸಿಗಡಿ ಎಣಿಸಿದ್ರೆ ವಿಸ್ತೀರ್ಣ. ಸೌತೆ ಎಣಿಸಿದ್ರೆ ಸುತ್ತಳತೆ. ಸರಿ. ಇವತ್ತು ಬೆಳಿಗ್ಗೆ ಈ ಮನುಷ್ಯ ಒಂದು ಮೂಲೆ ತಿಂದ.

ಇಪ್ಪತ್ನಾಲ್ಕು ಜೊತೆ ಕಣ್ಣು ಹಾಲ್ವಾರನ ಮೇಲೆ ಬಿತ್ತು. ಆರಡಿ ಎತ್ತರದ ಆಸಾಮಿ ಕಪಾಟಿನ ಪಕ್ಕಕ್ಕೆ ಸರಿದ.

ರಾಗ್ನಿ: ಆಮೇಲೆ ಬೈಯುವಿರಂತೆ. ಈಗ ಸಿಗಡಿ ನಲವತ್ತೇಳು. ಸೌತೆ ಎಷ್ಟಿರ್ಬೇಕು?

"ಇಪ್ಪತ್ತೇಳು!" ಎಂದರು ಒಂದಷ್ಟು ಮಂದಿ. "ಇಪ್ಪತ್ತಾರು!" ಎಂದರು ಜಾಣರು. ಜಡೆಯ ತುದಿ ಬಾಯಲ್ಲಿಟ್ಟುಕೊಂಡಿದ್ದ ಒಂದು ಹುಡುಗಿ ಮಾತ್ರ ಬೆರಳು ಚಾಚಿ ಎಣಿಸುತ್ತಾ ಟೇಬಲ್ಲಿನ ಸುತ್ತ ಒಂದು ಸುತ್ತು ಬಂದಳು. ಇವಳೇ ಲೋವಾ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಲೋವಾ: ಇಪ್ಪತ್ತೆಂಟು ಇದೆ. ಆದ್ರೆ ನಂದು ತಪ್ಪಿರತ್ತೆ.

ರಾಗ್ನಿ: ಯಾಕೆ ತಪ್ಪಿರತ್ತೆ?

ಲೋವಾ: ನಂದು ಯಾವಾಗ್ಲೂ ತಪ್ಪಲ್ವಾ.

ರಾಗ್ನಿ: ಇವತ್ತು ನಿಂದೊಂದೇ ಸರಿ. ಬೆಳಿಗ್ಗೆ ನಾನೂ ಇಪ್ಪತ್ತಾರು ಅಂದಿದ್ದೆ.

ನಮ್ಮೂರಲ್ಲಿ ಮಕ್ಕಳು ಟೀಚರನ್ನೂ ಹೆಸರು ಹಿಡಿದು, ನೀನು ಎಂದೇ ಮಾತಾಡಿಸುವುದು. ಆದರೂ ಟೀಚರಿಗೆ ಲೆಕ್ಕ ತಪ್ಪಿತು ಎನ್ನುವುದು ಬೇಸಿಗೆ ರಜಕ್ಕಿಂತ ದೊಡ್ಡ ಸುದ್ದಿ.

ಲೋವಾ: ನೀನೂನಾ? ಹಾಗಾದ್ರೆ ನೀನೂ ಅತ್ತ್ಯಾ?

ರಾಗ್ನಿ: ಇಲ್ಲ. ಹಾಲ್ವಾರನ ಮೇಲೆ ಕೂಗಾಡ್ದೆ.

ಹಾಲ್ವಾರ್: ತುಂಬಾ ಕೂಗಾಡಿದ್ಲು.

ಲೋವಾ: ಕೂಗಾಡೋದು ಸುಲಭ. ನೀನು ಎಣಿಸ್ಬೇಕಿತ್ತು, ರಾಗ್ನಿ.

ಹೇಳಿದ್ದೇ ತಡ, ಕ್ಲಾಸಿಗೆ ಕ್ಲಾಸೇ ಹೋ ಎಂದಿತು. ರಾಗ್ನಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಲೋವಾ ಬಾಯಿಂದ ಜಡೆ ತೆಗೆದಳು.

ಲೋವಾ: ಮೂಲೆ ಬಿಟ್ಟು, ಬದಿಯ ನಡುವಿಂದ ಒಂದು ತೆಗೆದ್ರೆ?

ರಾಗ್ನಿ: ನಂಗೊತ್ತಿಲ್ಲ. ತೆಗೆದು ನೋಡು!

ಲೋವಾ ಚಮಚದಲ್ಲಿ ಒಂದು ಬದಿಯ ನಡುವಿನ ಚೌಕ ಎತ್ತಿ ಪಕ್ಕದವನ ತಟ್ಟೆಗೆ ಹಾಕಿದಳು. ಅದರ ಹೋಳು ಒಂದೇ. ಕೇಕಿನಲ್ಲಿ ತೆರೆದುಕೊಂಡ ಮೈ ಮೂರು.

ಲೋವಾ: ಎರಡು ಸೌತೆ ಸಾಲ್ತಿಲ್ಲ! ಮೂವತ್ತಾಯ್ತು! ಕೇಕು ಚಿಕ್ಕದಾಯ್ತು, ಸುತ್ತಳತೆ ದೊಡ್ಡದಾಯ್ತು!

ಅಲ್ಲಿಂದ ಮುಂದಿನದು ಪಾಠವೋ ದೊಂಬಿಯೋ ಹೇಳಲಾರೆ. ಸೌತೆ ಇಲ್ಲದ ಕಡೆ ಮಕ್ಕಳು ಬೆರಳನ್ನೇ ಒತ್ತಿ ಎಣಿಸಿದರು. "ಮೂವತ್ತೆರಡು!" "ಮೂವತ್ತನಾಲ್ಕು!" "ನನ್ನ ಬೆರಳು ಬಿಡ್ಬೇಡಿ, ಎಣಿಸಿ!" ಎಂದು ಕಿರುಚಾಟ. ಎಲ್ಲರ ಮೊಣಕೈತನಕ ಮಯನೇಸು. ಕೇಕು ಹಲ್ಲು ಉದುರಿದ ಬಾಚಣಿಗೆಯ ಹಾಗಾಯಿತು. ಹಾಲ್ವಾರ್ ಅಂಗಿಯ ತೋಳು ಮಡಚಿ, "ಇಲ್ಲೊಂದು ಒಲೆ ಬಂತು ನೋಡ್ರೋ, ಪಟ್ಟಿ ತನ್ನಿ!" ಎಂದು ಮೇಸ್ತ್ರಿಗಿರಿಗೆ ಇಳಿದ. ಎರಡೆರಡು ಚೌಕ ಎಲ್ಲರ ಹೊಟ್ಟೆ ಸೇರಿದವು. ಎಣಿಸುವ ಭರದಲ್ಲಿ ತಿನ್ನುವುದನ್ನೇ ಮರೆತಿದ್ದವಳು ಲೋವಾ ಒಬ್ಬಳೇ. ಕೇಕಿನ ತಟ್ಟೆಯಲ್ಲಿ ಉಳಿದಿದ್ದದ್ದೂ ಒಂದೇ ಚೌಕ.

ಹಾಲ್ವಾರ್ ಮಡಚಿದ ತೋಳು ಇಳಿಸಿಕೊಂಡ. ಮಂಡಿಯೂರಿ ಅವಳ ಎತ್ತರಕ್ಕೆ ಕೂತ.

ಹಾಲ್ವಾರ್: ಲೋವಾ, ಎಲ್ಲರಿಗೂ ಎರಡು ಬಂತು. ನಿನ್ನ ಇನ್ನೊಂದನ್ನ ನಾನು ತಿಂದ್ಬಿಟ್ಟಿದೀನಿ ಪುಟ್ಟಿ. ತಪ್ಪಾಯ್ತು. ಏನು ಮಾಡ್ಲಿ ಹೇಳು?

ಲೋವಾ ಚೌಕವನ್ನು ನಾಲ್ಕೂ ಕಡೆಯಿಂದ ನೋಡಿದಳು. ಮೇಲೆ ಒಂದು ಸಿಗಡಿ. ನಾಲ್ಕು ಬದಿಗೆ ಮಕ್ಕಳು ಅಂಟಿಸಿದ್ದ ನಾಲ್ಕು ಸೌತೆ ಹೋಳು. ಅವಳು ಒಂದೊಂದೇ ಹೋಳು ಬಿಡಿಸಿ ಅವನ ಅಂಗೈಗೆ ಇಟ್ಟಳು.

ಲೋವಾ: ನಂಗೆ ಸೌತೆಕಾಯಿ ಕಂಡ್ರೆ ಆಗಲ್ಲ. ಸುತ್ತಳತೆ ನೀನು ತಿನ್ನು. ವಿಸ್ತೀರ್ಣ ನಂಗೆ.