ಎರಡನೆಯ ಲೈಸೆನ್ಸಿನ ಮಹಾಸಮರ

ಕೇಳಿರಿ, ಎಲೈ ಪಾಸ್‌ವರ್ಡ್ ಮರೆತ ಪುಣ್ಯವಂತರೇ. ಕಲಿಯುಗದೊಳಗೊಂದು ಉಪಯುಗವುಂಟು, ಅದಕ್ಕೆ ಉಚಿತಯುಗವೆಂದು ಹೆಸರು. ಆ ಯುಗದಲ್ಲಿ ಸಪ್ತಸಾಗರದಾಚೆಯ ಸಾಫ್ಟ್‌ವೇರ್ ಕಂಪನಿಯೊಂದು ಸೇವಾಸಂಸ್ಥೆಗಳ ಮೇಲೆ ಬಿಟ್ಟಿ ಲೈಸೆನ್ಸುಗಳ ಮಳೆಗರೆಯಿತು. ಸುರಿದದ್ದನ್ನು ಎಲ್ಲರೂ ಸೆರಗೊಡ್ಡಿ ಹಿಡಿದರು. ಹಿಡಿದದ್ದು ಏನೆಂದು ಯಾರೂ ಬಿಚ್ಚಿ ನೋಡಲಿಲ್ಲ. ಆ ಯುಗ ಮುಗಿದ ದಿನ ರಾಣೆಬೆನ್ನೂರಿನ ಶ್ರವಣಬಂಧು ಸೇವಾಸಂಸ್ಥೆಯ ಮಾಳಿಗೆಯ ಮೇಲೆ ನಡೆದ ಘೋರ ಸಂಗ್ರಾಮವನ್ನು ಹಾಡುತ್ತೇನೆ. ಬೇರೆ ಯಾರೂ ಹಾಡಲು ಒಪ್ಪದ ಕಾರಣ ಈ ಭಾರ ನನ್ನ ಮೇಲೆ ಬಿದ್ದಿದೆ.

ಶ್ರವಣಬಂಧುವು ಕಿವುಡ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆ. ಅದರ ಅಧ್ಯಕ್ಷರು ಬಿತ್ತನೆಬೀಜವ್ಯಾಪಾರಧುರಂಧರ, ಸನ್ಮಾನಶಾಲುಸಹಸ್ರಶೋಭಿತ, ಮೈಕುದರ್ಶನಮಾತ್ರಪುಳಕಿತಗಾತ್ರ ಚನ್ನಬಸಪ್ಪ ಹೊಂಬರಡಿಯವರು. ಕಾರ್ಯದರ್ಶಿಗಳು ನಿವೃತ್ತಬ್ಯಾಂಕುಮ್ಯಾನೇಜರಕುಲತಿಲಕ, ನಿಯಮಾವಳಿಕಂಠಪಾಠಪ್ರವೀಣ, ಪರಲಿಖಿತಪತ್ರದೋಷಾನ್ವೇಷಣವಿನೋದಿ ಪ್ರಲ್ಹಾದರಾವ್ ಕಟ್ಟಿಯವರು. ಇಬ್ಬರ ಕಿವಿಯೂ ಬಲು ಚುರುಕು. ಬೀದಿಯ ಆ ತುದಿಯಲ್ಲಿ ಯಾರಾದರೂ ತಮ್ಮ ಹೆಸರೆತ್ತಿದರೆ ಮಾಳಿಗೆಯಿಂದಲೇ ಕೇಳಿಸಿಕೊಳ್ಳಬಲ್ಲರು.

ಮೂರನೆಯವಳು ರೇಷ್ಮಾ ನದಾಫ. ಅವಳಿಗೆ ಉದ್ದನೆಯ ಬಿರುದು ಕೊಡಲು ಯಾರಿಗೂ ಪುರುಸೊತ್ತಾಗಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದವಳು. ತಮ್ಮ ಮಗುವಿಗೆ ಕಿವಿ ಕೇಳಿಸದೆಂದು ಹೊಸದಾಗಿ ತಿಳಿದ ತಾಯಿತಂದೆಯರೊಡನೆ ವಿಡಿಯೋ ಕರೆಯಲ್ಲಿ ಮಾತಾಡಿ ಧೈರ್ಯ ಹೇಳುವುದು ಅವಳ ಕೆಲಸ. ಅವರು ಆಡಿದ ಮಾತನ್ನು ಆ ಬಿಟ್ಟಿ ಸಾಫ್ಟ್‌ವೇರು ಆಗಿಂದಾಗಲೇ ಕನ್ನಡ ಅಕ್ಷರವಾಗಿಸಿ ಪರದೆಯ ಮೇಲೆ ಮೂಡಿಸುತ್ತಿತ್ತು. ಅವಳು ಓದಿ, ತನ್ನ ದನಿಯಲ್ಲಿ ಉತ್ತರ ಹೇಳುತ್ತಿದ್ದಳು. ಸಂಸ್ಥೆಗೆ ಬಂದ ಲೈಸೆನ್ಸುಗಳ ರಾಶಿಯಲ್ಲಿ ನಿತ್ಯ ದುಡಿಯುತ್ತಿದ್ದದ್ದು ಅವಳದೊಂದೇ.

ಕಂಪನಿಯ ಶಾಪವಾಕ್ಯ ಬಂದಿತು: ಶುಕ್ರವಾರ ಮಧ್ಯಾಹ್ನಕ್ಕೆ ಉಚಿತವೆಲ್ಲ ರದ್ದು, ಬೇಕಾದವರು ಕೊಳ್ಳತಕ್ಕದ್ದು. ಸಂಸ್ಥೆಯ ಗಂಟಿಗೆ ನಿಲುಕಿದ್ದು ಎರಡೇ. ಒಂದು ಲೆಕ್ಕ ಬರೆಯುವವರಿಗೆ, ಅದರಲ್ಲಿ ತಕರಾರಿಲ್ಲ. ಎರಡನೆಯದು ಯಾರಿಗೆ ಎಂಬಲ್ಲಿ ಭೂಮಿ ನಡುಗಿತು.

ಶುಕ್ರವಾರ ಬೆಳಗ್ಗೆ ಸಭೆ ಕೂಡಿತು. ರೇಷ್ಮಾ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು, ಸಭೆಯ ಮಾತು ಅಕ್ಷರವಾಗಿ ಬರುವುದನ್ನು ಓದುತ್ತ, ಮೊದಲೇ ಹೇಳಿದಳು:

"ಸರ್, ಮೂರಕ್ಕ ಹಿರೇಕೆರೂರಿಂದ ಒಬ್ಬಾಕಿ ತಾಯಿ ಕರೆ ಮಾಡ್ತಾಳ್ರೀ. ಮಗಳಿಗೆ ನಾಕು ವರ್ಷ. ಆಕಿ ಮಾತು ನಾ ಓದಬೇಕಂದ್ರ ಎರಡನೇದು ನನಗ ಬೇಕ್ರೀ."

"ಆಗ್ತೈತವಾ," ಎಂದರು ಹೊಂಬರಡಿಯವರು. "ನಿನ್ನ ವಿಷಯ ಕಡೀಗೆ ತಗೋತೀವಿ."

ಅಧ್ಯಕ್ಷರು ಹರೆಯದಲ್ಲಿ ದೊಡ್ಡಾಟದಲ್ಲಿ ವೇಷ ಕಟ್ಟಿದವರು. ಸಿಟ್ಟು ನೆತ್ತಿಗೇರಿದರೆ ಅವರಿಗೆ ಆಡುಮಾತು ಮರೆತು ರಂಗಭಾಷೆ ಬರುತ್ತಿತ್ತು. ಎರಡನೆಯ ಲೈಸೆನ್ಸಿನ ಮೇಲೆ ಕಟ್ಟಿಯವರು ಕಣ್ಣಿಟ್ಟಿದ್ದಾರೆಂದು ತಿಳಿದೊಡನೆ ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತರು.

"ಎಲವೋ ಕಾರ್ಯದರ್ಶಿಯೇ, ಯಾರ ಭಾವಚಿತ್ರವಿಲ್ಲದೆ ಈ ಸಂಸ್ಥೆಯ ಒಂದು ಫ್ಲೆಕ್ಸೂ ಏಳದೋ, ಯಾರ ಭಾಷಣ ಮುಗಿಯುವ ಮುನ್ನ ಊಟದ ಎಲೆ ಹಾಸಲು ಅಡುಗೆಯವರೇ ಅಂಜುವರೋ, ಅಂಥ ನನ್ನ ಬಳಿ ಲೈಸೆನ್ಸಿಲ್ಲವೆಂದರೆ ಜಿಲ್ಲೆ ನಗದೇ?"

ಕಟ್ಟಿಯವರು ಏಳಲಿಲ್ಲ. ಕೂತೇ ಬಾಣ ಬಿಟ್ಟರು. "ನಗ್ತದೋ ಬಿಡ್ತದೋ, ನಿಯಮ ಏನದ ನೋಡ್ರಿ ಮೊದಲ. ಪತ್ರವ್ಯವಹಾರ ಕಾರ್ಯದರ್ಶೀದು. ಮೂವತ್ತು ವರ್ಷ ಬ್ಯಾಂಕ್ ನಡಸೀನಿ, ನನಗ ಕಾಯ್ದೆ ಕಲಸಬ್ಯಾಡ್ರಿ. ನಿಮ್ಮ ಲೈಸೆನ್ಸಿನ್ಯಾಗ ನೀವು ಒಮ್ಮೆರೆ ಒಳಗ ಹೋಗೀರೇನು?"

"ನೀ ಹೋಗಿರುವೆಯಾ?"

ಇದಕ್ಕೆ ಕಟ್ಟಿಯವರು ನೀರು ಕುಡಿದರು.

ಹೀಗೆ ಮಾತಿಗೆ ಮಾತು ಬೆಳೆದು, ಮೇಜು ಗುದ್ದಿ, ಹಳೆಯ ವಾರ್ಷಿಕೋತ್ಸವದಲ್ಲಿ ಯಾರ ಹೆಸರು ಕೆಳಗಾಯಿತೆಂಬ ಗಾಯವನ್ನು ಕೆದಕಿ, ಸಂಗ್ರಾಮವು ತಾರಕಕ್ಕೇರಿದ ಹೊತ್ತಿಗೆ ಮಧ್ಯಾಹ್ನವಾಯಿತು. ಪರದೆಯ ಮೇಲೆ ಓಡುತ್ತಿದ್ದ ಅಕ್ಷರಗಳು ಅರ್ಧ ಸಾಲಿನಲ್ಲಿ ನಿಂತವು. ರೇಷ್ಮಾ ತಲೆಯೆತ್ತಿದಳು. ಎದುರಿಗೆ ಎರಡು ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಅಷ್ಟೆ.

"ಸರ್, ಅಕ್ಷರ ಬಂದ್ ಆತ್ರೀ," ಎಂದಳು. ಅಧ್ಯಕ್ಷರು ಅವಳತ್ತ ನೋಡದೆ ಕೈಯೆತ್ತಿ, ತಡೆ ಎಂದು ಸನ್ನೆ ಮಾಡಿದರು. ಕಿವುಡರ ಸಂಸ್ಥೆಯಲ್ಲಿ ಕಿವುಡಿಯೊಬ್ಬಳಿಗೆ ಮಾತು ನಿಂತುಹೋದದ್ದು ಕಿವಿ ಇದ್ದವರಿಗೆ ಗೊತ್ತಾಗಲಿಲ್ಲ. ನನಗೆ ಇದರಲ್ಲಿ ನಗು ಬರುವುದಿಲ್ಲ, ಆದರೂ ಕಥೆ ಮುಂದುವರಿಯಬೇಕು.

ಉಪ್ಪಿಟ್ಟಿನ ವಾಸನೆ ಬಂದಾಗ ವೀರರಿಬ್ಬರೂ ಸಂಧಿಗೆ ಬಂದರು. ರೇಷ್ಮಾ ಗೋಡೆಯ ಕರಿಹಲಗೆಯ ಮೇಲೆ ಬರೆದಳು: ಏನು ತೀರ್ಮಾನವಾಯಿತು? ಅಧ್ಯಕ್ಷರು ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದರು: ಒಂದು ದಿನ ನನಗೆ, ಒಂದು ದಿನ ರಾಯರಿಗೆ. ಇವತ್ತು ನನ್ನ ದಿನ. ಖರೀದಿ ಅಮಾವಾಸ್ಯೆ ಕಳೆದ ಮೇಲೆ.

ಅವಳ ವಿಷಯ ಕಡೆಗೂ ಬರಲಿಲ್ಲ. ಅವಳು ಉಪ್ಪಿಟ್ಟು ತಿನ್ನಲಿಲ್ಲ.

ಮೂರಕ್ಕೆ ಅವಳ ಮೊಬೈಲಿಗೆ ವಿಡಿಯೋ ಕರೆ ಬಂತು. ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡ ತಾಯಿ ಆಗಲೇ ಮಾತು ಶುರುಮಾಡಿದ್ದಳು. ರೇಷ್ಮಾ ಮಕ್ಕಳ ಕೋಣೆಯಿಂದ ಸ್ಲೇಟು, ಬಳಪ ತಂದು, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಧ್ಯಕ್ಷರ ಮುಂದಿಟ್ಟಳು.

"ಇವತ್ತು ನಿಮ್ಮ ದಿನ ಅಲ್ರೀ ಸರ್? ಆಕಿ ಏನಂತಾಳ, ಬರೀರಿ."

ಆಗ ಆ ಮೈಕುದರ್ಶನಮಾತ್ರಪುಳಕಿತಗಾತ್ರರು ಬಳಪ ಹಿಡಿದು ಪರರ ಮಾತು ಬರೆಯಲು ಕೂತರು. "ಸಾವಕಾಶ ಹೇಳವಾ," ಎಂದು ಎರಡು ಸಲ ಬೇಡಿಕೊಂಡರು. ಡಾಕ್ಟರು ಹೇಳಿದ್ದು ಬರೆದರು, ಅತ್ತೆ ಆಡಿಕೊಂಡದ್ದು ಬರೆದರು, ಅಳಿಸಿ ಮತ್ತೆ ಬರೆದರು. ಆಮೇಲೆ ತಾಯಿ ಮಗಳ ತಲೆ ಸವರುತ್ತ ಒಂದು ಮಾತು ಕೇಳಿದಳು. ಅಧ್ಯಕ್ಷರು ಕೂಡಲೇ ಬರೆಯಲಿಲ್ಲ. ಬರೆದು ಸ್ಲೇಟನ್ನು ತಿರುಗಿಸಿದಾಗ ರೇಷ್ಮಾಳ ಮುಖ ನೋಡಲು ಅವರಿಗೆ ಆಗಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟು: ನನ್ನ ಮಗಳು ನನ್ನ ಅವ್ವಾ ಅಂತ ಕರೀತಾಳೇನ್ರೀ?

"ಕರೀತಾಳ್ರೀ," ಎಂದಳು ರೇಷ್ಮಾ. "ಬಾಯಿಲೆ ಕರೀಲಿಲ್ಲಂದ್ರ ಕೈಲೆ ಕರೀತಾಳ. ಅಷ್ಟು ನೀವು ಕಲೀರಿ. ನಾ ಕಲಸ್ತೀನಿ."

ತಾಯಿ ಮಗಳನ್ನು ಎದೆಗವಚಿಕೊಂಡಳು. ಮತ್ತೆ ಮಾತು ಹೊಳೆಯಾಗಿ ಹರಿಯಿತು. ಅಧ್ಯಕ್ಷರು ಬರೆದರು, ಬರೆದರು. ಕಣ್ಣು ಒದ್ದೆಯಾದದ್ದು ನಿಜ, ಆದರೆ ಸಂಗ್ರಾಮ ತೀರಿಸಿದ್ದು ಆ ಕಣ್ಣೀರಲ್ಲ. ಬರೆದೂ ಬರೆದೂ ಅವರ ಹೆಬ್ಬೆರಳು ಸೆಟೆದುಕೊಂಡಿತು.

"ರಾಯರ, ಎರಡನೇದು ಈ ಹುಡುಗಿಗೇ ಕೊಟ್ಟಬಿಡೂಣು. ಈಗಿಂದೀಗ ಕೊಳ್ರಿ."

"ಅಮಾವಾಸ್ಯೆ ಅದ ಅಂದಿದ್ರೆಲ್ಲ?"

"ಅಮಾಸಿ ಹಾಳಾಗಿ ಹೋಗ್ಲಿ. ಇಲ್ಲಂದ್ರ ನಾಳೆ ಬರಿಯೂ ಪಾಳಿ ನಿಮ್ದು."

ಕಟ್ಟಿಯವರು ಆ ಕ್ಷಣವೇ ಸಂಸ್ಥೆಯ ಬ್ಯಾಂಕ್ ಕಾರ್ಡು ತೆಗೆದರು.

ನಡಾವಳಿಯಲ್ಲಿ ಸೇವಾಭಾವದಿಂದ ಪ್ರೇರಿತರಾಗಿ ಸರ್ವಾನುಮತದಿಂದ ಎಂದು ಬರೆಯಲಾಯಿತು. ಸಂಜೆಗೆ ಪರದೆಯ ಮೇಲೆ ಅಕ್ಷರಗಳು ಮತ್ತೆ ಓಡಿದವು. ಸ್ಲೇಟನ್ನು ಮಾತ್ರ ರೇಷ್ಮಾ ಮಕ್ಕಳ ಕೋಣೆಗೆ ಮರಳಿಸಲಿಲ್ಲ. ಒರೆಸಿ, ಬಳಪದ ಸಮೇತ, ಅಧ್ಯಕ್ಷರ ಮೇಜಿನ ಮೇಲೆ ಕಾಣುವ ಹಾಗೆ ಇಟ್ಟಳು.