ಬಕೆಟ್ಟಿನಲ್ಲಿ ಕಾಲು

ಎಲ್ಲದಕ್ಕೂ ಮೂಲ ಒಂದು ಸುಣ್ಣದ ಬಕೆಟ್ಟು. ಅದೂ ಕೈಗೆ ಸಿಗುವ ಬಕೆಟ್ಟಲ್ಲ, ಪರದೆಯ ಮೇಲಿನದು. ಅದರಲ್ಲಿ ಕಾಲಿಟ್ಟ ಪುಣ್ಯಾತ್ಮ ತೀರಿಕೊಂಡೇ ಎಷ್ಟೋ ಕಾಲವಾಗಿತ್ತು.

ಆ ಹಳೆಯ ಚಿತ್ರಮಂದಿರದಲ್ಲಿ ದಿನವೂ ಸಂಜೆ ಅದೇ ಮೂಕಿ ಹಾಸ್ಯಚಿತ್ರ. ಮಾತಿಲ್ಲ, ಬಣ್ಣವಿಲ್ಲ. ಸುಣ್ಣ ಬಳಿಯುವ ಒಬ್ಬ ಸಣಕಲ ಆಸಾಮಿ ಶ್ರೀಮಂತರ ಮನೆಗೆ ಬಂದು ಮಾಡುವ ಅವಾಂತರವೇ ಕತೆ. ತಾತ ನೋಡಿ ನಕ್ಕಿದ್ದನ್ನು ಮೊಮ್ಮಕ್ಕಳು ಬಂದು ನೋಡಿ ನಗುತ್ತಿದ್ದರು. ಪರದೆಯ ಪಕ್ಕ ಕೂತು ಅದಕ್ಕೆ ಕೀಬೋರ್ಡ್ ನುಡಿಸುವುದು ನಮ್ಮ ವಾದ್ಯಗಾರನ ಕೆಲಸ. ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಚಿತ್ರದಲ್ಲಿ ಒಂದು ಜಾಗವಿದೆ. ದಾರಿಗೆ ಅಡ್ಡವಾಗಿರುವ ಬಕೆಟ್ಟನ್ನು ಆಸಾಮಿ ನೋಡುತ್ತಾನೆ. ಯಾರಾದರೂ ಎಡವಿಯಾರೆಂದು ಅದನ್ನೆತ್ತಿ ಜೋಪಾನವಾಗಿ ಪಕ್ಕಕ್ಕಿಡುತ್ತಾನೆ. ಕೈ ಒರೆಸಿಕೊಳ್ಳುತ್ತಾನೆ. ಬಳಿದ ಗೋಡೆಯ ಅಂದ ನೋಡಲು ಹಿಂದಕ್ಕೆ ಸರಿಯುತ್ತಾನೆ, ಇನ್ನೂ ಸರಿಯುತ್ತಾನೆ... ಅಷ್ಟಕ್ಕೇ ವಾದ್ಯಗಾರನಿಗೆ ನಗು ಒತ್ತರಿಸಿಕೊಂಡು ಬರುತ್ತಿತ್ತು. ಕಿಸಕ್ಕನೆ ನಕ್ಕುಬಿಡುತ್ತಿದ್ದ, ಬೆರಳು ತಪ್ಪುತ್ತಿತ್ತು. ಕಾಲು ಎಲ್ಲಿ ಬೀಳುತ್ತದೆಂದು ಗೊತ್ತಿದ್ದೂ ಗೊತ್ತಿದ್ದೂ ದಿನಾ ಯಾಕೆ ನಗು ಬರುತ್ತದೆ ಎಂಬುದು ಅವನಿಗೇ ಬಗೆಹರಿಯದ ಸೋಜಿಗ.

ಆ ದಿನ ಬೆಳಿಗ್ಗೆ ಚಿತ್ರಮಂದಿರದ ಯಜಮಾನರ ಫೋನ್ ಬಂತು. "ಏನಯ್ಯಾ, ಸಂಜೆ ದೊಡ್ಡೋರೆಲ್ಲ ಬರ್ತಿದಾರೆ. ಇವತ್ತೇನಾದ್ರೂ ಆ ಬಕೆಟ್ಟಿನ ಹತ್ರ ಕಿಸಕ್ ಅಂದು ಅಪಸ್ವರ ಹೊಡೆದ್ಯೋ, ನಿನ್ನ ಕೀಬೋರ್ಡ್ ಸೀದಾ ಮನೆಗೆ! ಒಂದು ಪೆನ್‌ಡ್ರೈವ್ ಚುಚ್ಚಿದ್ರೆ ಅದೇ ಸಂಗೀತ ಬರುತ್ತೆ. ಅದು ನಗೋದೂ ಇಲ್ಲ."

ವಾದ್ಯಗಾರ ತಲೆ ಮೇಲೆ ಕೈ ಹೊತ್ತು ಕೂತ.

"ಏನ್ರೀ, ಆ ಹೊತ್ತಿಗೆ ಸರಿಯಾಗಿ ಏನಾದ್ರೂ ದುಃಖದ ವಿಷಯ ನೆನೆಸ್ಕೊಳ್ಳಿ," ಎಂದಳು ಹೆಂಡತಿ.

"ಅಂಥದ್ದು ಏನಿದೆಯೇ?"

ಅವಳು ಯೋಚಿಸಿ, ದನಿ ತಗ್ಗಿಸಿ ಹೇಳಿದಳು: "ಅಮ್ಮ ಇನ್ನೂ ಸ್ವಲ್ಪ ದಿನ ಇರ್ತಾರಂತೆ."

ನಾಲ್ಕು ದಿನಕ್ಕೆಂದು ಬಂದು ಬೇರು ಬಿಟ್ಟಿದ್ದ ಅತ್ತೆ ಅಡುಗೆಮನೆಯಲ್ಲಿದ್ದರು. ಆಕೆ ನಕ್ಕಿದ್ದನ್ನು ಕಂಡವರಿಲ್ಲ. ಮಗಳ ಮದುವೆಯ ಫೋಟೋದಲ್ಲೂ ಯಾರದೋ ಮೇಲೆ ದೂರು ಕೊಡಲು ಬಂದವರಂತೆ ನಿಂತಿದ್ದಾರೆ.

ಗೋಡೆಗೂ ಕಿವಿಯುಂಟಲ್ಲ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೇ ಬಂದರು. "ರೋಗದ ಮೂಲ ಹಿಡೀಬೇಕು. ಯಾಕೆ ನಗು ಬರುತ್ತೆ ಅಂತ ಮೊದಲು ಕಂಡುಹಿಡಿಯೋಣ. ಹಾಕಪ್ಪಾ ಚಿತ್ರಾನ."

ಮೊಬೈಲಿನಲ್ಲಿ ಬಕೆಟ್ಟಿನ ದೃಶ್ಯ ಓಡಿತು. ವಾದ್ಯಗಾರ ಕಿಸಕ್ಕೆಂದ. "ನೋಡು, ಬಿದ್ದೋನು ಅವನು, ನಾವಲ್ಲ. ಆ ಸಮಾಧಾನಕ್ಕೆ ನಗು," ಎಂದರು ಮೇಷ್ಟ್ರು. "ಹಾಗಲ್ಲ, ಅಷ್ಟು ಎಚ್ಚರಿಕೆ ತಗೊಂಡ್ನಲ್ಲ, ಅದಕ್ಕೆ," ಎಂದಳು ಹೆಂಡತಿ. "ಕಾಲು ಬಕೆಟ್ಟಲ್ಲಿದ್ರೂ ಟೋಪಿ ಸರಿಮಾಡ್ಕೋತಾನಲ್ಲ, ನನಗೆ ಅದು," ಎಂದ ವಾದ್ಯಗಾರ. ಮತ್ತೆ ಹಾಕಿ ನೋಡಿದರು. ನಿಲ್ಲಿಸಿ ನೋಡಿದರು, ಹಿಂದುಮುಂದಾಗಿ ಓಡಿಸಿ ನೋಡಿದರು. ಮೇಷ್ಟ್ರು ಕಾಲಿನ ಕೋನವನ್ನೂ ವಿವರಿಸಿದರು. ಮಧ್ಯಾಹ್ನದ ಊಟ ಆರಿಹೋಯಿತು.

"ಥೂ! ಸುಣ್ಣದ ಕೆಲಸದೋನಿಗೆ ಮೈಮೇಲೆ ಎಚ್ಚರ ಬೇಡ್ವಾ?" ಎನ್ನುತ್ತ ಅತ್ತೆ ಒಂದು ಲೋಟ ನೀರು ತಂದಿಟ್ಟರು. "ಬಾಯಿ ತುಂಬ ನೀರು ಇಟ್ಕೊಳ್ಳಿ ಅಳಿಯಂದ್ರೇ. ನಗು ಎಲ್ಲಿಂದ ಬರುತ್ತೆ ನೋಡೋಣ."

ಪರೀಕ್ಷೆ ನಡೆಯಿತು. ನಗು ಬಂತು, ನೀರೂ ಬಂತು, ಎರಡೂ ಮೇಷ್ಟ್ರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿದ್ದವು. ಮೇಷ್ಟ್ರು ಮುಖ ಒರೆಸಿಕೊಂಡು ಎದ್ದುಹೋದರು.

ಅತ್ತೆ ಸೋಲುವವರಲ್ಲ. "ಪರದೆಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಬಾಯಲ್ಲಿ ನೀರಿರಲಿ. ನಾನು ನೋಡಿ ಹೇಳ್ತೀನಿ. ಆಸಾಮಿ ನಿಧಾನವಾಗಿ ನಡೆದ್ರೆ ಛತ್ರೀಲಿ ಮೆಲ್ಲಗೆ ತಿವೀತೀನಿ. ಓಡಿದ್ರೆ ಜೋರಾಗಿ ತಿವೀತೀನಿ."

ಸಂಜೆ ಹಾಗೇ ಆಯಿತು. ಕೆನ್ನೆ ಉಬ್ಬಿಸಿಕೊಂಡು, ಅತ್ತೆಯ ಛತ್ರಿಯ ತಾಳಕ್ಕೆ ವಾದ್ಯಗಾರ ಒಂದು ಸ್ವರವೂ ತಪ್ಪದಂತೆ ನುಡಿಸಿದ. ಆಸಾಮಿ ಬೆನ್ನಟ್ಟಿಸಿಕೊಂಡು ಓಡುವ ದೃಶ್ಯದಲ್ಲಂತೂ ಪಕ್ಕೆ ಹಣ್ಣಾಯಿತು. ಬಕೆಟ್ಟು ಬಂತು, ಹೋಯಿತು. ನಗಲಿಲ್ಲ! ಕೊನೆಗೆ ನೀರು ನುಂಗಿ, ಗೆದ್ದೆನೆಂದು ತಲೆಯೆತ್ತಿ ನೋಡಿದರೆ ಸಭಾಂಗಣ ನಿಶ್ಶಬ್ದ. ಮುಂದಿನ ಸಾಲಿನ ದೊಡ್ಡವರು ಆಕಳಿಸುತ್ತಿದ್ದರು.

ಯಜಮಾನರು ಧುಮುಗುಡುತ್ತ ಬಂದರು. "ಯಾಕಯ್ಯಾ ನಗಲಿಲ್ಲ?"

"ನೀವೇ ನಗಬೇಡ ಅಂದ್ರಲ್ಲ ಸಾರ್!"

"ಇವತ್ತು ನಾನೂ ಜನರ ಜೊತೆ ಹಿಂದೆ ಕೂತು ನೋಡಿದಾಗಲೇ ಗೊತ್ತಾಯ್ತು. ಇಷ್ಟು ವರ್ಷ ನೀನು ಕಿಸಕ್ ಅಂದ ಮೇಲೇ ಜನ ನಗ್ತಿದ್ದದ್ದು! ಎಲ್ಲರಿಗೂ ನಗಬೇಕು ಅನ್ಸುತ್ತೆ, ಮೊದಲು ನಗೋಕೆ ಮಾತ್ರ ನಾಚಿಕೆ. ಮುಖ್ಯ ಅತಿಥಿಗಳು ಈಗ ಬಂದಿದಾರೆ, ಅವರಿಗೋಸ್ಕರ ಮತ್ತೆ ಹಾಕ್ತೀನಿ. ನಗು. ನಗದಿದ್ರೆ ಕೀಬೋರ್ಡ್ ಮನೆಗೆ."

ವಾದ್ಯಗಾರನಿಗೆ ಹೋದ ಜೀವ ಬಂದಂತಾಯಿತು. ನಗುವುದು ತಾನೇ? ಈ ಸಲ ಪರದೆಯ ಕಡೆಗೇ ಮುಖ ಮಾಡಿ ಕೂತ. ಛತ್ರಿಯ ಕೆಲಸ ತಪ್ಪಿದ ಅತ್ತೆ ಮುಂದಿನ ಸಾಲಿನಲ್ಲಿ ಹೋಗಿ ಕೂತರು.

ಬಕೆಟ್ಟು ಬಂತು. ಆಸಾಮಿ ಹಿಂದೆ ಸರಿದ. ವಾದ್ಯಗಾರ ಬಾಯಿ ತೆರೆದ. ನಗು ಬರಲಿಲ್ಲ. ಕಣ್ಮುಂದೆ ಮೇಷ್ಟ್ರು ಹೇಳಿದ ಕಾಲಿನ ಕೋನ ಮಾತ್ರ ಬಂತು. ಬಲವಂತಕ್ಕೆ "ಹ್ಹ, ಹ್ಹ" ಎಂದ. ಮುಖ್ಯ ಅತಿಥಿಗಳು ಕನಿಕರದಿಂದ ಜೇಬಿನಲ್ಲಿದ್ದ ಕೆಮ್ಮಿನ ಮಾತ್ರೆ ಚಾಚಿದರು.

ಮುಗಿಯಿತು ಕತೆ ಎಂದುಕೊಳ್ಳುವಷ್ಟರಲ್ಲಿ, ಪರದೆಯ ಮೇಲೆ ಆಸಾಮಿ ಟೋಪಿ ಸರಿಮಾಡಿಕೊಂಡ. ಮುಂದಿನ ಸಾಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಬಹಳ ವರ್ಷ ಮುಚ್ಚಿದ್ದ ಬಾಗಿಲು ತೆರೆದ ಹಾಗೆ ಮೊದಲು ಕಿರ್ ಎಂದಿತು, ಆಮೇಲೆ ಧಡಾರನೆ ಬಿಚ್ಚಿಕೊಂಡಿತು. ಅತ್ತೆ ನಗುತ್ತಿದ್ದರು! ಸೆರಗು ಬಾಯಿಗಿಟ್ಟರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು. ಮುಖ್ಯ ಅತಿಥಿಗಳು ಅವರನ್ನು ನೋಡಿ ನಕ್ಕರು, ಹಿಂದಿನ ಸಾಲು ನಕ್ಕಿತು, ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡಿತು.

ಆಟ ಮುಗಿದ ಮೇಲೆ ಯಜಮಾನರು ಕೈಮುಗಿದುಕೊಂಡು ಬಂದದ್ದು ನೇರ ಅತ್ತೆಯ ಬಳಿಗೆ. "ಅಮ್ಮಾ, ನಾಳೆಯಿಂದ ದಿನಾ ಬನ್ನಿ. ಸಂಬಳ ಕೊಡ್ತೀನಿ. ನಿಮ್ಮ ಖುರ್ಚೀಲಿ ಬೇರೆ ಯಾರನ್ನೂ ಕೂರಿಸಲ್ಲ."

"ನನ್ನ ಗತಿ ಸಾರ್?" ಎಂದ ವಾದ್ಯಗಾರ. "ಬೆಳಗಿನಿಂದ ಯಾಕೆ ನಗು, ಯಾಕೆ ನಗು ಅಂತ ಕೆದಕಿ ಕೆದಕಿ ಇವತ್ತೊಂದಿನ ನಿಂತುಹೋಗಿದೆ, ಅಷ್ಟೇ."

"ಸಂಗೀತ ಪೆನ್‌ಡ್ರೈವಲ್ಲೂ ಬರುತ್ತೆ ಕಣಯ್ಯಾ. ಇಂಥ ನಗು ಎಲ್ಲಿಂದ ತರಲಿ?" ಎಂದು ಯಜಮಾನರು ಅತ್ತೆಯ ಕಿವಿಯಲ್ಲಿ ಏನೋ ಹೇಳಿ ಹೊರಟರು.

ಕೀಬೋರ್ಡ್ ಹೊತ್ತು ವಾದ್ಯಗಾರ ಅತ್ತೆಯ ಹಿಂದೆ ನಡೆದ. ಕೆಲಸ ಹೋದ ಸಂಕಟ ಒಂದು ಕಡೆ, ಕುತೂಹಲ ಇನ್ನೊಂದು ಕಡೆ. ಕುತೂಹಲವೇ ಗೆದ್ದಿತು.

"ಅತ್ತೇ, ನಿಜ ಹೇಳಿ, ನಿಮಗೆ ಯಾಕೆ ನಗು ಬಂತು?"

ಅತ್ತೆ ಗಂಭೀರವಾಗಿ ಹೇಳಿದರು: "ಅದನ್ನ ಮಾತ್ರ ಕೇಳಬೇಡಿ ಅಳಿಯಂದ್ರೇ. ಯಾಕೆ ಅಂತ ಯೋಚನೆ ಮಾಡಕೂಡದು ಅಂತ ಯಜಮಾನ್ರು ಹೇಳಿದಾರೆ. ಮನೇಲಿ ದುಡಿಯೋಳು ಈಗ ನಾನೊಬ್ಬಳೇ."