ಮೂವತ್ತು ನಿಮಿಷದ ಇಂಗ್ಲಿಷ್ ಪ್ರಬಂಧ

ಮೂವತ್ತು ನಿಮಿಷದೊಳಗೆ ಒಂದು ಇಂಗ್ಲಿಷ್ ಪ್ರಬಂಧ ಬರೆಯಿರಿ ಎಂದು ನಮ್ಮ ಕಡೆ ಯಾರಿಗಾದರೂ ಹೇಳಿ ನೋಡಿ, ಏನಾದರೊಂದು ಫಜೀತಿ ಆಗದಿದ್ದರೆ ಆಮೇಲೆ ನನ್ನನ್ನು ಕೇಳಿ. ಬೈಲಹೊಂಗಲದಲ್ಲಿ ಇದ್ದಾಗಲೂ ಆಗಿದೆ, ರಾಮದುರ್ಗದಲ್ಲಿ ಇದ್ದಾಗಲೂ ಆಗಿದೆ, ಈಗ ಮುನವಳ್ಳಿಯಲ್ಲಿ ವಾರಕ್ಕೊಂದರಂತೆ ಆಗುತ್ತಿದೆ. ನಾನು ಪಿಯು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕ. ಸಿಟ್ಟಿನ ಮನುಷ್ಯ ಎಂದು ಹೆಸರಿದೆ. ಆ ಹೆಸರನ್ನು ಬಹಳ ಕಷ್ಟಪಟ್ಟು ಗಳಿಸಿದ್ದೇನೆ, ಉಳಿಸಿಕೊಳ್ಳುವುದೇ ಕಷ್ಟವಾಗಿದೆ.

ನಮ್ಮ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದು ಸುಳ್ಳು. ಬರುತ್ತದೆ, ಆದರೆ ಅದಕ್ಕೆ ಪುರಸೊತ್ತಾದಾಗ ಬರುತ್ತದೆ. ಪರೀಕ್ಷೆಗೆ ಅಷ್ಟು ಪುರಸೊತ್ತಿರುವುದಿಲ್ಲ. ಅದಕ್ಕೇ ಪ್ರತಿ ಶನಿವಾರ ಹೊತ್ತು ಹಿಡಿದು ಪ್ರಬಂಧ ಬರೆಸುವ ರೂಢಿ ಹಾಕಿದೆ.

ಈ ವರ್ಷ ಆ ತರಗತಿಗೆ ಹುಡುಗರ ಜೊತೆ ಒಬ್ಬ ಹೆಣ್ಣುಮಗಳೂ ಬರತೊಡಗಿದರು. ವಯಸ್ಸು ನಲವತ್ತರ ಆಸುಪಾಸು. ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿಯ ಕಾರ್ಯಕರ್ತೆ ನಿವೃತ್ತಿಯಾಗುವವರಿದ್ದರು. ಪಿಯುಸಿ ಪಾಸಾದರೆ ಆ ಜಾಗ ಇವರಿಗೆ, ಇಲ್ಲದಿದ್ದರೆ ಬೇರೆ ಯಾರಿಗೋ. ಉಳಿದ ವಿಷಯಗಳೆಲ್ಲ ಪಾಸು, ಇಂಗ್ಲಿಷ್ ಒಂದೇ ಎರಡು ಸಲ ಕೈಕೊಟ್ಟಿತ್ತು. ಎರಡೂ ಸಲ ಪ್ರಬಂಧದ ಹಾಳೆ ಖಾಲಿ.

"ಬರಾಕ ಬರತೈತ್ರಿ ಸರ್," ಎಂದರು ಮೊದಲ ದಿನ. "ಆದ್ರ ಗಡಿಯಾರ ಕಂಡ್ರ ಕೈ ಕಲ್ಲಾಗತೈತ್ರಿ. ಇದೊಂದು ಸಲ ಹ್ಯಾಂಗರ ಮಾಡಿ ದಾಟಸ್ರಿ."

ಹುಡುಗರು ಅವರನ್ನು ಅಕ್ಕಾರು ಎಂದು ಕರೆಯತೊಡಗಿದರು, ನಾನೂ ಹಾಗೆಯೇ ಕರೆದೆ.

೧. ಬಸ್ಸಿನ ಲೆಕ್ಕ

ಇದು ಅಕ್ಕಾರು ಬರುವುದಕ್ಕಿಂತ ಮೊದಲಿನ ಒಂದು ಶನಿವಾರದ ಮಾತು. ನಮ್ಮ ತರಗತಿಯ ಗೋಡೆ ಗಡಿಯಾರ ನಿಂತು ಎಷ್ಟೋ ತಿಂಗಳಾಗಿತ್ತು. "ನೀರಿನ ಮಹತ್ವ" ಎಂದು ಬೋರ್ಡಿನ ಮೇಲೆ ಬರೆದೆ, ಅಷ್ಟರಲ್ಲಿ ಪ್ರಿನ್ಸಿಪಾಲರ ಕರೆ ಬಂತು.

"ಮೂವತ್ತು ನಿಮಿಷ ಆದ ಕೂಡ್ಲೆ ನೀವ ಪೆನ್ನು ಕೆಳಗ ಇಡ್ರಿ," ಎಂದು ತಾಕೀತು ಮಾಡಿ ಹೋದೆ.

ಪ್ರಿನ್ಸಿಪಾಲರ ಮಾತಿಗೆ ಮೂವತ್ತು ನಿಮಿಷದ ಮಿತಿ ಇಲ್ಲ. ನಾನು ತಿರುಗಿ ಬಂದಾಗ ಒಂದೂಕಾಲು ತಾಸು ದಾಟಿತ್ತು. ನೋಡಿದರೆ ಇಡೀ ತರಗತಿ ತಲೆ ಬಗ್ಗಿಸಿ ಬರೆಯುತ್ತಲೇ ಇದೆ! ಎದೆ ತುಂಬಿ ಬಂತು. ಮಲಪ್ರಭೆಯ ದಂಡೆಯಲ್ಲಿ ಇಂಗ್ಲಿಷಿನ ಮೇಲೆ ಇಷ್ಟು ಪ್ರೀತಿಯೇ ಎಂದು ಹಿಗ್ಗುತ್ತ ಕಿಟಕಿ ಪಕ್ಕದ ಹುಡುಗಿಯ ಹಾಳೆ ಎತ್ತಿಕೊಂಡೆ. ಒಂಬತ್ತು ಪುಟ. ಮೊದಲನೆಯ ಪುಟದಲ್ಲಿ ನೀರು ಕುಡಿಯಲು ಬೇಕು ಎಂದಿತ್ತು. ಎರಡನೆಯದರಿಂದ ತೊಳೆಯಲು ಬೇಕು ಎಂದು ಶುರುವಾಗಿತ್ತು. ಅರಿವೆ ತೊಳೆದು, ಭಾಂಡಿ ತೊಳೆದು, ಎಮ್ಮೆ ತೊಳೆದು, ಟ್ರ್ಯಾಕ್ಟರ್ ತೊಳೆದು, ಒಂಬತ್ತನೆಯ ಪುಟದಲ್ಲಿ ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಕೈಹಚ್ಚಿದ್ದಳು.

"ಇದೇನವಾ, ಎರಡನೇ ಪಾಯಿಂಟ್ ಮುಗಿಯೂ ಹಂಗ ಕಾಣೂದಿಲ್ಲಲ್ಲ?"

"ರಾಮದುರ್ಗದ ಬಸ್ಸ ಇನ್ನೂ ಬಂದಿಲ್ಲಲ್ರಿ ಸರ್."

ಆಗ ಗುಟ್ಟು ಹೊರಬಿತ್ತು. ಗಡಿಯಾರ ಇಲ್ಲದ ಮಕ್ಕಳು ರಸ್ತೆಯ ಸದ್ದಿನ ಮೇಲೆ ಪ್ರಬಂಧ ಬರೆಯುತ್ತಿದ್ದರು. ಬೈಲಹೊಂಗಲದ ಬಸ್ಸಿನ ಹಾರ್ನ್ ಕೇಳಿದರೆ ಪೀಠಿಕೆ ಮುಗಿಯಿತು. ಸವದತ್ತಿಯದು ಹೋದರೆ ಮೊದಲನೆಯ ಪಾಯಿಂಟ್ ಮುಗಿಯಿತು. ರಾಮದುರ್ಗದ್ದು ಬಂದರೆ ಎರಡನೆಯದನ್ನು ಬಿಟ್ಟು ಮುಕ್ತಾಯಕ್ಕೆ ಇಳಿಯಬೇಕು.

"ಹಂಗಾರ ನಿನ್ನ ಮುಕ್ತಾಯ ಎಲ್ಲೈತೆವಾ ಈಗ?"

"ಸಾಲಹಳ್ಳಿ ಹತ್ರ ಕೆಟ್ಟು ನಿಂತೈತಂತ್ರಿ ಸರ್. ಮೆಕ್ಯಾನಿಕ್ ಹೋಗ್ಯಾರಂತ."

೨. ಸಮಪಾಲು

ಅಕ್ಕಾರು ಬಂದ ಮೇಲೆ ಮೊದಲ ಸಲ ಕೊಟ್ಟ ವಿಷಯ ನವಿಲುತೀರ್ಥದ ಅಣೆಕಟ್ಟಿನ ಉಪಯೋಗಗಳು. ಹೊಸ ಗಡಿಯಾರ ತಂದಿದ್ದೆ. ಅಕ್ಕಾರಿಗೆ ಅದು ಕಾಣದ ಹಾಗೆ ಹಿಂದಿನ ಗೋಡೆಗೆ ತೂಗುಹಾಕಿದೆ.

ಹಾಳೆ ತಿದ್ದಲು ಕೂತಾಗ ತಲೆ ಕೆಟ್ಟಿತು. ಅಕ್ಕಾರ ಸುತ್ತಮುತ್ತ ಕೂತ ನಾಲ್ಕು ಮಂದಿಯ ಹಾಳೆಯಲ್ಲಿ ತಲಾ ಎರಡೇ ಪಾಯಿಂಟ್. ಒಬ್ಬನಿಗೆ ನೀರಾವರಿ ಮತ್ತು ಕರೆಂಟು, ಇನ್ನೊಬ್ಬಳಿಗೆ ಕುಡಿಯುವ ನೀರು ಮತ್ತು ಮೀನು, ಹೀಗೆ. ಒಬ್ಬರದು ಒಬ್ಬರಿಗೆ ಇಲ್ಲ. ಅಕ್ಕಾರ ಹಾಳೆಯಲ್ಲಿ ಮಾತ್ರ ಪಾಯಿಂಟೇ ಇರಲಿಲ್ಲ. ಮರುವಾರ ನಿಲ್ಲಿಸಿ ಕೇಳಿದೆ.

"ಏನ್ರಿ ಅಕ್ಕಾರ, ಇಷ್ಟು ವಯಸ್ಸಾಗಿ ಹುಡುಗೂರಿಗೆ ಕಾಪಿ ಹೊಡಸ್ತೀರೇನು?"

"ಕಾಪಿ ಅಲ್ರಿ ಸರ್! ನನಗ ಎಂಟು ಪಾಯಿಂಟ್ ಹೊಳೆದಿದ್ವು, ಇವು ನಾಕೂ ಸಣ್ಣ ಮಾರಿ ಮಾಡ್ಕೊಂಡು ಕುಂತಿದ್ವು. ಅಂಗನವಾಡ್ಯಾಗ ತತ್ತಿ ಹಂಚೂವಾಗ ಒಂದು ಕೂಸಿಗೆ ಕೊಟ್ಟು ಇನ್ನೊಂದಕ್ಕ ಬಿಟ್ರ ನಡಿತೈತೇನ್ರಿ? ತಲಿಗೆರಡು ಕೊಟ್ಟೆ."

ಆ ನಾಲ್ಕು ಕೂಸುಗಳಲ್ಲಿ ಇಬ್ಬರಿಗೆ ಮೀಸೆ ಬಂದಿತ್ತು.

"ಮತ್ತ ನಿಮಗೇನು ಉಳೀತ್ರಿ?"

"ಮಕ್ಕಳದ್ದಾದ ಮ್ಯಾಲ ನಮಗ ತಳದ್ದ ಉಳಿಯೂದ್ರಿ ಸರ್. ಒಂದೀಟು ಥ್ಯಾಂಕ್ ಯೂ ಉಳಿದಿತ್ತು, ಅದನ್ನ ಬರ್ದು ಕೈತೊಳಕೊಂಡೆ."

೩. ಸಾಹೇಬರ ಪ್ರಬಂಧ

"ನೀವೂ ಒಂದ್ಸಲ ಬರೀರಲ್ರಿ ಸರ್," ಎಂದು ಹುಡುಗರು ಒಂದು ದಿನ ಗಂಟುಬಿದ್ದರು. ಬರೆದು ತೋರಿಸೋಣ ಎಂದು ಠೀವಿಯಿಂದ ಕೂತೆ. ಹೊತ್ತು ನೋಡುವ ಕೆಲಸವನ್ನು ಅಕ್ಕಾರಿಗೆ ಕೊಟ್ಟೆ. ಮೊದಲ ವಾಕ್ಯ ಚೆನ್ನಾಗಿರಬೇಕೆಂದು ಯೋಚಿಸಿದೆ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಹುಡುಗರ ಮುಂದೆ ಮಾನ ಹೋಗಬಾರದೆಂದು ಅದನ್ನೂ ಹೊಡೆದುಹಾಕಿದೆ.

"ಟೈಮ್ ಆತ್ರಿ ಸರ್," ಎಂದರು ಅಕ್ಕಾರು.

"ಎರಡ ನಿಮಿಷರಿ ಅಕ್ಕಾರ, ಇನ್ನೆರಡ ನಿಮಿಷ!"

ಅವರು ನನ್ನ ಹಾಳೆ ನೋಡಿದರು. ಎರಡು ಸಾಲು ಇತ್ತು. ನನ್ನ ಮುಖ ನೋಡಿದರು. ಚೀಲದಿಂದ ಒಂದು ಶೇಂಗಾ ಚಿಕ್ಕಿ ತೆಗೆದು ಮೇಜಿನ ಮೇಲಿಟ್ಟು, "ಮೊದಲ್ನೇ ದಿನ ಎಲ್ಲಾರಿಗೂ ಹಿಂಗ ಆಗತೈತ್ರಿ, ಅಳಬಾರ್ದು," ಎಂದರು.

೪. ಮನೆಯ ಮೌಲ್ಯಮಾಪಕರು

ಪರೀಕ್ಷೆ ಹತ್ತಿರ ಬಂದಂತೆ, ಮನೆಯಲ್ಲೂ ಹೊತ್ತು ಹಿಡಿದು ಬರೆಯಿರಿ, ಯಾರನ್ನಾದರೂ ಕಾವಲಿಗೆ ಕೂರಿಸಿಕೊಳ್ಳಿ ಎಂದು ಅಕ್ಕಾರಿಗೆ ಹೇಳಿದೆ. ಅವರು ಅತ್ತೆಯನ್ನು ಕೂರಿಸಿಕೊಂಡರು. ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಇದೂ ಒಂದು.

ಆ ಆಯಿ ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡರು. ಸೊಸೆ ಬರೆಯಲು ಕೂತರೆ ಬಾಗಿಲಿಗೆ ಕೋಲು ಹಿಡಿದು ಕೂರುವುದು. ಮಗ ನೀರು ಕೇಳಿದರೆ "ಪರೀಕ್ಷಾ ನಡದೈತಿ, ಬಾವಿಗೆ ಹೋಗು" ಎನ್ನುವುದು. ಹೊತ್ತಾದ ತಕ್ಷಣ ಹಾಳೆ ಕಸಿದುಕೊಳ್ಳುವುದು. ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಒಂದಕ್ಷರ ಓದಲು ಬಾರದ ಆಯಿ ಹಾಳೆ ತಿದ್ದಲೂ ಶುರುಮಾಡಿದರು.

ಒಂದು ಶನಿವಾರ ಸೊಸೆಯ ಜೊತೆ ಕಾಲೇಜಿಗೇ ಬಂದರು. ಕೈಯಲ್ಲಿ ನಾನು ತಿದ್ದಿದ ಪ್ರಬಂಧ.

"ಮಾಸ್ತರ, ಇದಕ್ಕ ನೀವು ಎಷ್ಟು ಕೊಟ್ಟೀರಿ?"

"ಹತ್ತಕ್ಕ ನಾಕು ಕೊಟ್ಟೇನ್ರಿ ಆಯಿ."

"ನಾ ಏಳು ಕೊಟ್ಟೇನಿ. ಎಂಟ ಕೊಡೂದಿತ್ತು. ಎಡಕ್ಕ ಇಷ್ಟಗಲ ಜಾಗಾ ಪಡ ಬಿಟ್ಟಾಳ, ಅದಕ್ಕ ಒಂದು ಕಡಿದೆ. ಇಷ್ಟಗಲ ಬದು ಬಿಟ್ರ ಬಿತ್ತೂದೆಲ್ಲೆ?"

"ಅದು ಮಾರ್ಜಿನ್‌ರಿ ಆಯಿ. ಬಿಡಬೇಕಾಗತೈತಿ."

"ಇರಲಿ. ಸಾಲು ನೋಡ್ರಿ, ಕೂರಿಗಿ ಹೊಡದಂಗ ನೆಟ್ಟಗ ಅದಾವ. ಅದಕ್ಕ ನೀವು ಕೆಂಪ ಪೆನ್ನಿಲೆ ಗೀಚಿ ಗೀಚಿ ಹೊಲಸ ಮಾಡಿ, ಮ್ಯಾಲ ಮೂರು ಮಾರ್ಕ್ಸೂ ಕಸಕೊಂಡೀರಿ."

ನಾನು ವ್ಯಾಕರಣದ ವಿಷಯ ತಿಳಿಸಿ ಹೇಳಲು ನೋಡಿದೆ. ಆಯಿ ಹಾಳೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಸೊಸೆಯ ಕಡೆಗೆ ವಾಲಿ, ಇಡೀ ವರಾಂಡಕ್ಕೆ ಕೇಳುವ ಹಾಗೆ ಪಿಸುಗುಟ್ಟಿದರು.

"ಈ ಮನಷ್ಯಾಗ ಇಂಗ್ಲಿಷ್ ಓದಾಕ ಬರತೈತೋ ಇಲ್ಲೋ, ನೀ ಮೊದಲ ವಿಚಾರಿಸಿದ್ದಿಲ್ಲೇನ?"

೫. ಆರನೇ ಕೋಣೆ

ಪರೀಕ್ಷೆಯ ಕೇಂದ್ರ ಸವದತ್ತಿಯಲ್ಲಿ. ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಉಪನ್ಯಾಸಕರಿಗೆ ಒಳಗೆ ಕೆಲಸವಿಲ್ಲ. ಆದರೂ ಮನಸ್ಸು ತಡೆಯದೆ ಹೋಗಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಅಕ್ಕಾರಿಗೆ ಇದು ಮೂರನೆಯ ಸಲ. ಈ ಸಲ ಹೋದರೆ ಆ ಜಾಗವೂ ಹೋಗುತ್ತಿತ್ತು. ಹೆದರಿಕೆ ಅವರಿಗಿಂತ ನನಗೇ ಹೆಚ್ಚಾಗಿತ್ತು, ಸುಳ್ಳು ಏಕೆ ಹೇಳಲಿ. ಒಳಗೆ ನಡೆದದ್ದನ್ನು ಆಮೇಲೆ ಅಕ್ಕಾರೂ ಹೇಳಿದರು, ಕೋಣೆಯ ಮೇಲ್ವಿಚಾರಕನಾಗಿದ್ದ ನನ್ನ ಗೆಳೆಯನೂ ಒಪ್ಪಿಕೊಂಡ.

ಕೋಣೆಯಲ್ಲಿ ಕ್ಯಾಮೆರಾ ಇತ್ತು. ಅದರಲ್ಲಿ ಕಂಡದ್ದನ್ನು ಜಿಲ್ಲಾ ಕೇಂದ್ರದಲ್ಲಿ ಕೂತವರು ನೋಡುತ್ತಿರುತ್ತಾರೆ. ಅಕ್ಕಾರ ಮುಂದಿನ ಬೆಂಚಿನಲ್ಲಿ ಒಬ್ಬ ಬಾಣಂತಿ ಪರೀಕ್ಷೆಗೆ ಕೂತಿದ್ದಳು. ಅವಳ ಕೂಸನ್ನು ಹಿಡಿದುಕೊಂಡು ಅವಳ ತಾಯಿ ಹೊರಗೆ ವರಾಂಡದಲ್ಲಿದ್ದಳು. ಹನ್ನೆರಡೂವರೆಗೆ, ಇನ್ನು ಅರ್ಧ ತಾಸು ಉಳಿದಾಗ, ಅಕ್ಕಾರು ಎಲ್ಲ ಮುಗಿಸಿ ಪ್ರಬಂಧಕ್ಕೆ ಬಂದರು. ಎದುರಿಗೇ ದೊಡ್ಡ ಗಡಿಯಾರ. ಕೈ ಕಲ್ಲಾಯಿತು. ಅದೇ ಹೊತ್ತಿಗೆ ಹೊರಗೆ ಕೂಸು ಕಿರುಚತೊಡಗಿತು. ಮುಂದಿನ ಬೆಂಚಿನ ತಾಯಿ ಪೆನ್ನಿಟ್ಟು ಕಣ್ಣೊರೆಸಿಕೊಂಡಳು.

ಹನ್ನೆರಡೂವರೆ ಅಂದರೆ ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸುವ ಹೊತ್ತು. ಅಳುವ ಸದ್ದು ಕಿವಿಗೆ ಬಿದ್ದದ್ದೇ ತಡ, ಅಕ್ಕಾರ ಬಾಯಿಂದ ತಾನಾಗಿಯೇ ಜೋಗುಳ ಹೊರಟಿತು. ಹಾಡುತ್ತಿದ್ದೇನೆ ಎಂಬ ಖಬರೇ ಅವರಿಗಿರಲಿಲ್ಲ. ಗಡಿಯಾರ ಮರೆತುಹೋಯಿತು, ಕೈ ತನ್ನ ಪಾಡಿಗೆ ಪ್ರಬಂಧ ಬರೆಯತೊಡಗಿತು. ಹೊರಗೆ ಕೂಸು ಮಲಗಿತು. ಕೂಸಿನ ಅಜ್ಜಿ ಮಲಗಿದಳು. ಹಿಂದಿನ ಬೆಂಚಿನಲ್ಲಿ ಏನೂ ಹೊಳೆಯದೆ ಕೂತಿದ್ದ ಇಬ್ಬರು ಮಲಗಿದರು. ಕೊನೆಗೆ, ಮಾರ್ಚ್ ತಿಂಗಳ ಬಿಸಿಲು, ಮೇಲೆ ಫ್ಯಾನಿನ ಗಾಳಿ, ಮೇಲ್ವಿಚಾರಕನಾದ ನನ್ನ ಗೆಳೆಯ ಕುರ್ಚಿಯಲ್ಲೇ ಕುತ್ತಿಗೆ ಚೆಲ್ಲಿದ.

ಜಿಲ್ಲಾ ಕೇಂದ್ರದಿಂದ ಫೋನು ಬಂತು. "ಆರನೇ ಕೋಣಿಯೊಳಗ ಏನಾಗೇತ್ರಿ? ಮಂದಿ ಒಬ್ಬೊಬ್ಬರ ಬೀಳಾಕ ಹತ್ಯಾರಲ್ರಿ!"

ಕೇಂದ್ರದ ಮುಖ್ಯ ಅಧೀಕ್ಷಕರು ಏದುಸಿರು ಬಿಡುತ್ತ ಓಡಿಬಂದು, "ಯಾರ್ರಿ ಅದು ಹಾಡವ್ರು?" ಎಂದು ಗುಡುಗಿದರು.

ಅಕ್ಕಾರು ಬೆಚ್ಚಿಬಿದ್ದು ಎದ್ದು ನಿಂತರು. ಹಾಡು ನಿಂತಿತು. "ತಪ್ಪಾತ್ರಿ ಸಾಹೇಬ್ರ, ಖಬರ್ ಇದ್ದಿದ್ದಿಲ್ರಿ."

"ಪರೀಕ್ಷಾ ಅಂದ್ರ ಏನು ತಿಳಿದೀರಿ? ಹಾಳಿ ಕೊಟ್ಟು ನಡೀರಿ ಹೊರಗ!"

ಪ್ರಬಂಧ ಇನ್ನೂ ಅರ್ಧ ಉಳಿದಿತ್ತು. ಅಕ್ಕಾರು ಕಣ್ಣೊರೆಸಿಕೊಳ್ಳುತ್ತ ಹಾಳೆ ಎತ್ತಿದರು. ಅಷ್ಟರಲ್ಲಿ ಗುಡುಗಿಗೆ ಎದ್ದ ಕೂಸು ಮೊದಲಿನ ಎರಡರಷ್ಟು ಕಿರುಚತೊಡಗಿತು. ಮುಂದಿನ ಬೆಂಚಿನ ತಾಯಿ ಮತ್ತೆ ಪೆನ್ನಿಟ್ಟಳು. ಐದನೇ ಕೋಣೆಯಿಂದ ಒಬ್ಬರು, ಏಳನೆಯದರಿಂದ ಒಬ್ಬರು ಬಂದು, "ಸರ್, ನಮ್ಮ ಹುಡುಗೂರಿಗೆ ಬರಿಯಾಕ ಆಗವಲ್ತ್ರಿ" ಎಂದರು. ಕಿಸೆಯಲ್ಲಿ ಜಿಲ್ಲಾ ಕೇಂದ್ರದ ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ಅಧೀಕ್ಷಕರು ಹಣೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಬಗ್ಗಿ, ಬಹಳ ಮೆತ್ತಗೆ ಹೇಳಿದರು.

"ಅಕ್ಕಾರ, ಕುಂತು ಬರೀರಿ. ಬರಕೋತ ಬರಕೋತ... ಸಣ್ಣ ದನಿಲೆ ಒಂದೀಟು ಅದನ್ನ ಹಾಡ್ರಿ."

ಅಕ್ಕಾರು ಕೂತರು, ಹಾಡಿದರು, ಬರೆದರು. ಕೂಸು ಮಲಗಿತು. ಅಧೀಕ್ಷಕರು ನನ್ನ ಗೆಳೆಯನ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೊರಗೆ ಹೋದರು. ಅವನು ಉಳಿದ ಹೊತ್ತನ್ನು ಗೋಡೆಗೆ ಆತು ನಿಂತು, ತನ್ನನ್ನು ತಾನೇ ಚಿವುಟಿಕೊಳ್ಳುತ್ತ ಕಳೆದ.

ಫಲಿತಾಂಶ ಬಂದ ದಿನ ಅಕ್ಕಾರ ಫೋನು ಬಂತು. "ಸರ್, ನಲವತ್ತೆರಡ್ರಿ. ಪಾಸ್ ಆದ್ನಿರಿ." ಬಾಣಂತಿಯೂ ಪಾಸಾಗಿದ್ದಳು.

ಫೇಲಾದವರಿಗೆ ನಡೆಸುವ ಎರಡನೆಯ ಪರೀಕ್ಷೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಆ ಅಧೀಕ್ಷಕರೇ ನನಗೆ ಫೋನ್ ಮಾಡಿದರು.

"ಸರ್, ನಿಮ್ಮ ಅಂಗನವಾಡಿ ಅಕ್ಕಾರು ಈ ಸಲ ನಮ್ಮ ಕೇಂದ್ರಕ್ಕ ಬರ್ತಾರಲ್ರಿ?"

"ಇಲ್ರಿ ಸಾಹೇಬ್ರ. ಅವರು ಪಾಸ್ ಆದ್ರು," ಎಂದೆ ಹೆಮ್ಮೆಯಿಂದ.

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

"ಎಂಥಾ ಕೆಲಸಾ ಮಾಡಿದ್ರಿ ಸರ್! ಈ ಸಲ ಮೂರು ಮಂದಿ ಬಾಣಂತ್ಯಾರು ಅದಾರ್ರಿ."